ಕೀಳಿಸಲು ಒಬ್ಬರೇ ಸಾಕು, ಉಳಿಸಲು ಜೊತೆ ಬೇಕು

ದಂತ ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ತಮ್ಮ ಆಸ್ಪತ್ರೆ ನನ್ನನ್ನು ಮೂರು ಸಲ ವಾಪಸು ಕಳಿಸಿದೆ. ನಾನು ಮಾಡಿದ ಅಪರಾಧ, ಒಬ್ಬಳೇ ಬಂದದ್ದು. ನನ್ನ ಒಸಡಿನ ಶಸ್ತ್ರಚಿಕಿತ್ಸೆಗೆ ವೈದ್ಯರು ಸಿದ್ಧರಿದ್ದಾರೆ, ಕುರ್ಚಿ ಸಿದ್ಧವಿದೆ, ಬಾಯಿಯನ್ನಂತೂ ನಾನು ಎಂದೂ ಮನೆಯಲ್ಲಿ ಬಿಟ್ಟು ಬಂದಿಲ್ಲ. ಇಲ್ಲದಿರುವುದು ಒಂದೇ, ತಮ್ಮ ಒಪ್ಪಿಗೆ ಪತ್ರದ ಕೆಳಗಿರುವ 'ಜೊತೆಗಾರರ ಸಹಿ' ಎಂಬ ಅಂಕಣಕ್ಕೆ ಒಬ್ಬ ಮನುಷ್ಯ. ರೋಗಿಯ ಸಹಿಗಿಂತ ದೊಡ್ಡ ಜಾಗವನ್ನು ಅದಕ್ಕೆ ಬಿಟ್ಟಿದ್ದೀರಿ. ಆ ಅಂಕಣ ರೂಪಿಸಿದ ಪುಣ್ಯಾತ್ಮರ ಮನೆ ತುಂಬ ಜನ ಇರಬೇಕು. ಅವರಿಗೆ ಒಳ್ಳೆಯದಾಗಲಿ.

ನಾನು ಕನ್ನಡಕದ ಅಂಗಡಿಯೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಕೆಲಸಕ್ಕಿದ್ದೇನೆ. ವಯಸ್ಸು ಐವತ್ತಮೂರು. ಮದುವೆಯಾಗಲಿಲ್ಲ, ಯಾಕೆ ಎಂದು ಕೇಳುತ್ತಿದ್ದವರೂ ಈಗ ಉಳಿದಿಲ್ಲ. ಕಣ್ಣು ಪರೀಕ್ಷೆ ಮಾಡುವುದು ನನ್ನ ಕಸುಬು. ಮಬ್ಬುಗತ್ತಲ ಕೋಣೆಯಲ್ಲಿ ಎದುರಿಗೆ ಕೂತವರ ಮುಖದ ಹತ್ತಿರಕ್ಕೆ ಬಗ್ಗಿ, ಗಾಜು ಬದಲಿಸುತ್ತ, "ಇದು ಚೆನ್ನಾಗಿ ಕಾಣುತ್ತಾ, ಮೊದಲಿನದಾ?" ಎಂದು ಕೇಳಬೇಕು. ದಿನಕ್ಕೆ ಇಪ್ಪತ್ತು ಮೂವತ್ತು ಮುಖ. ಮನೆಯಲ್ಲಿ ಒಂದೂ ಇಲ್ಲದವಳಿಗೆ ಅಷ್ಟು ಮುಖಗಳು ಸಿಗುವುದೆಂದರೆ ಸಾಮಾನ್ಯವಲ್ಲ. ಸಂಜೆ ಮನೆಗೆ ಹೋದ ಮೇಲೂ ಯಾರದೋ ಹುಬ್ಬು, ಯಾರದೋ ಮಚ್ಚೆ ನೆನಪಿಗೆ ಬರುತ್ತಿತ್ತು.

ಮೂರು ವರ್ಷದ ಹಿಂದೆ ಆ ಕೋಣೆಯಲ್ಲಿ ಜನ ವಿಚಿತ್ರವಾಗಿ ಆಡತೊಡಗಿದರು. ಕುರ್ಚಿಯಲ್ಲಿ ಕೂತವರು ಉಸಿರು ಬಿಗಿಹಿಡಿಯುವರು. ಎರಡನೇ ಗಾಜಿಗೇ "ಸಾಕು ಸಾಕು, ಎಲ್ಲಾ ಕಾಣ್ತಿದೆ" ಎಂದು ಎದ್ದುಬಿಡುವರು. ನನ್ನ ಕೈಗುಣ ಅಂದುಕೊಂಡೆ, ನೋಡಿ! ಒಂದು ದಿನ ಅಂಗಡಿ ಮಾಲೀಕರು ಬಂದು, "ಅಕ್ಕಾ, ನಿಮ್ಮ ಕೆಲಸ ಎಷ್ಟು ಅಚ್ಚುಕಟ್ಟು ಅಂತೀನಿ! ಇನ್ಮೇಲೆ ಒಳಗಡೆ ಲೆನ್ಸ್ ಉಜ್ಜೋದು ನೀವೇ ನೋಡ್ಕೊಳ್ಳಿ" ಎಂದರು. ಬಡ್ತಿ ಸಿಕ್ಕಿತೆಂದು ಹಿಗ್ಗಿದೆ. ಒಳಕೋಣೆಗೆ ಕಿಟಕಿಯಿಲ್ಲ. ಉಜ್ಜುವ ಯಂತ್ರ, ಪಕ್ಕದಲ್ಲಿ ಒಂದು ಬಕೆಟ್ ನೀರು, ನಾನು. ಪ್ರತಿ ಸೋಮವಾರ ನನ್ನ ಮೇಜಿನ ಮೇಲೆ ಯಾರೋ ಒಂದು ಪೆಪ್ಪರ್‌ಮಿಂಟ್ ಪೊಟ್ಟಣ ಇಟ್ಟು ಹೋಗುತ್ತಿದ್ದರು. ಯಾರೆಂದು ಗೊತ್ತಿಲ್ಲ. ಈ ವಯಸ್ಸಿನಲ್ಲಿ ನನ್ನನ್ನು ನೆನೆಯುವವರು ಒಬ್ಬರಿದ್ದಾರಲ್ಲ ಎಂದು ನಾಚಿಕೊಂಡಿದ್ದೂ ಉಂಟು. ತಿಂದರೆ ಮುಗಿದುಹೋಗುತ್ತದೆಂದು ಒಂದನ್ನೂ ತಿನ್ನದೆ ಡ್ರಾಯರಿನಲ್ಲಿ ಜೋಡಿಸಿಟ್ಟೆ.

ಈ ಮಳ್ಳತನಕ್ಕೆ ತೆರೆ ಎಳೆದದ್ದು ತಮ್ಮ ಆಸ್ಪತ್ರೆಯೇ. ಆ ಉಪಕಾರ ಮರೆತಿಲ್ಲ. ಒಂದು ಬೆಳಿಗ್ಗೆ ಸೇಬು ಕಚ್ಚಿದಾಗ ಕೆಳಗಿನ ಮುಂದಿನ ಹಲ್ಲು ಅಲ್ಲಾಡಿತು. ಹೆದರಿ ಓಡಿ ಬಂದೆ. ಒಸಡಿನ ವಿಭಾಗದ ಡಾಕ್ಟರಮ್ಮ, ನನ್ನ ಅರ್ಧ ವಯಸ್ಸಿನ ಹುಡುಗಿ, ಬಾಯಿಯೊಳಗೆ ದೀಪ ಬಿಟ್ಟು ನೋಡಿ ಕೇಳಿದಳು:

"ಒಸಡಲ್ಲಿ ರಕ್ತ ಎಷ್ಟು ದಿನದಿಂದ ಬರ್ತಿದೆ ಆಂಟಿ?"

"ಒಂದು ಎಂಟು ಹತ್ತು ವರ್ಷ ಆಗಿರಬೇಕಮ್ಮ."

"ಅಯ್ಯೋ! ಬಾಯಿ ವಾಸನೆ ಬರ್ತಿದೆ ಅಂತ ಯಾರೂ ಹೇಳ್ಲೇ ಇಲ್ವಾ?"

"ಹೇಳೋಕೆ ಯಾರಾದ್ರೂ ಹತ್ತಿರ ಇರಬೇಕಲ್ವೇನಮ್ಮ."

ನನಗೆ ಆ ಕ್ಷಣದಲ್ಲೇ ಪೆಪ್ಪರ್‌ಮಿಂಟು ಅರ್ಥವಾಯಿತು. ಬಡ್ತಿಯೂ ಅರ್ಥವಾಯಿತು. ಬಾಯಿ ತೆರೆದುಕೊಂಡು ಅಳುವುದು ಎಷ್ಟು ಕಷ್ಟ ಎಂದು ತಾವು ಎಂದಾದರೂ ನೋಡಿದ್ದೀರಾ?

ತಪ್ಪು ನನ್ನದೂ ಇತ್ತು. ಉಜ್ಜಿದಾಗ ರಕ್ತ ಬಂದರೆ ಅಲ್ಲಿ ಗಾಯವಾಗಿದೆ, ಅದನ್ನು ಮುಟ್ಟಬಾರದು ಎಂದುಕೊಂಡಿದ್ದೆ. ರಕ್ತ ಬಂದ ಜಾಗವನ್ನು ಬಿಟ್ಟು ಬಿಟ್ಟು ಉಜ್ಜುತ್ತಿದ್ದೆ. ಬಿಟ್ಟ ಕಡೆಯೆಲ್ಲ ಪಾಚಿ ಕಟ್ಟಿ, ಗಟ್ಟಿಯಾಗಿ, ಒಸಡಿನ ಅಡಿಗೆ ಇಳಿದು, ಹಲ್ಲು ಹಿಡಿದಿರುವ ಮೂಳೆಯನ್ನೇ ಕರಗಿಸುತ್ತಿತ್ತಂತೆ. ನೋವೇ ಇಲ್ಲದೆ! ಡಾಕ್ಟರಮ್ಮ ಪ್ಲಾಸ್ಟಿಕ್ಕಿನ ದವಡೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕಲಿಸಿದಳು. ಮೆತ್ತನೆಯ ಬ್ರಷ್, ಹಲ್ಲು ಒಸಡು ಕೂಡುವ ಗೆರೆಗೆ ಓರೆಯಾಗಿ ಹಿಡಿಯಬೇಕು, ಭಾರ ಹಾಕದೆ ಪುಟ್ಟ ಪುಟ್ಟದಾಗಿ ಆಡಿಸಬೇಕು. ಬೆಳಿಗ್ಗೆ ಎರಡು ನಿಮಿಷ, ಮಲಗುವ ಮುಂಚೆ ಎರಡು ನಿಮಿಷ. ಹಲ್ಲಿನ ಸಂದಿಗಳಿಗೆ ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂಥದ್ದು ಒಂದು. "ರಕ್ತ ಬರೋ ಜಾಗಾನೇ ಚೆನ್ನಾಗಿ ಕ್ಲೀನ್ ಮಾಡ್ಬೇಕು ಆಂಟಿ, ಅದೇ ನಿಮ್ಮನ್ನ ಕರೀತಿರೋದು" ಎಂದಳು. ಒಸಡಿನ ಅಡಿಯನ್ನೂ ಎರಡು ಸಲ ಕೂರಿಸಿ ಸ್ವಚ್ಛ ಮಾಡಿದಳು. ಆರು ವಾರದಲ್ಲಿ ರಕ್ತ ನಿಂತಿತು. ಬಸ್ಸಿನಲ್ಲಿ ಪಕ್ಕದ ಸೀಟಿನವರು ಮುಖ ತಿರುಗಿಸದೆ ಕೂತಿದ್ದನ್ನು ನಾನು ಇಡೀ ದಾರಿ ಗಮನಿಸಿದೆ.

ಆದರೆ ಕೆಳಗಿನ ಮುಂದಿನ ನಾಲ್ಕು ಹಲ್ಲುಗಳ ಬುಡದಲ್ಲಿ ಕೊಳೆ ತುಂಬ ಆಳಕ್ಕೆ ಹೋಗಿದೆ. ಒಸಡು ಬಿಡಿಸಿ, ಸ್ವಚ್ಛ ಮಾಡಿ, ಹೊಲಿಗೆ ಹಾಕಬೇಕು. ಎರಡು ತಿಂಗಳೊಳಗೆ ಆಗದಿದ್ದರೆ ಆ ನಾಲ್ಕೂ ಹೋಗುತ್ತವೆ ಎಂದಿದ್ದಾಳೆ. ಮಾಲೀಕರು, "ಚಿಕಿತ್ಸೆ ಪೂರ್ತಿ ಮುಗೀಲಿ ಅಕ್ಕಾ, ಆಮೇಲೆ ಮತ್ತೆ ಕಣ್ಣು ನೋಡೋ ಕೋಣೆಗೆ ಬನ್ನಿ" ಎಂದಿದ್ದಾರೆ. ಹೀಗೆ ನನ್ನ ನಾಲ್ಕು ಹಲ್ಲು, ದಿನಕ್ಕೆ ಮೂವತ್ತು ಮುಖ, ಎರಡೂ ತಮ್ಮ ಆ ಅಂಕಣದಲ್ಲಿ ಸಿಕ್ಕಿಕೊಂಡಿವೆ. ಎರಡು ತಿಂಗಳಲ್ಲಿ ಉಳಿದಿರುವುದು ಹತ್ತು ದಿನ.

ಮೊದಲ ಸಲ ಕೌಂಟರಿನ ಗುಮಾಸ್ತರು ತಲೆ ಎತ್ತದೆ ಕೇಳಿದರು, "ಜೊತೆಗೆ ಯಾರು ಬಂದಿದಾರೆ?"

"ಯಾರೂ ಇಲ್ಲ."

"ಏನಾದ್ರೂ ಆದ್ರೆ ಯಾರಿಗಮ್ಮಾ ಹೇಳೋದು?"

"ನನಗೇ ಹೇಳಿ."

"ನಿಮಗೇ ಏನಾದ್ರೂ ಆದ್ರೆ ನಿಮಗೆ ಹೆಂಗಮ್ಮಾ ಹೇಳೋದು?"

ಪ್ರಶ್ನೆ ಸರಿಯಾಗಿಯೇ ಇದೆ, ಅಧೀಕ್ಷಕರೇ. ನಾನೂ ಅದನ್ನು ಬಹಳ ವರ್ಷಗಳಿಂದ ಕೇಳಿಕೊಳ್ಳುತ್ತಿದ್ದೇನೆ. ಆದರೆ ಉತ್ತರ ಇಲ್ಲದವರ ಒಸಡು ಕೊಳೆಯಲಿ ಎಂದು ಯಾವ ಕಾನೂನು ಹೇಳುತ್ತದೆ?

ಎರಡನೇ ಸಲ ತಮ್ಮನಿಗೆ ಫೋನು ಮಾಡಿದೆ. "ಒಂದು ಹಲ್ಲಿಗೆ ಇಷ್ಟೊಂದು ರಗಳೆ ಯಾಕಕ್ಕಾ, ಕಿತ್ತು ಬಿಸಾಕಿ ಸೆಟ್ ಹಾಕಿಸ್ಕೊಬಾರ್ದಾ?" ಎಂದ. ಕೊನೆಗೆ ಬರುತ್ತೇನೆ ಎಂದ. ಮಧ್ಯಾಹ್ನ ಕೌಂಟರು ಮುಚ್ಚುವವರೆಗೆ ಬೆಂಚಿನ ಮೇಲೆ, ಪಕ್ಕದ ಜಾಗದಲ್ಲಿ ಚೀಲ ಇಟ್ಟು, ಅವನಿಗೆ ಸೀಟು ಹಿಡಿದುಕೊಂಡು ಕೂತಿದ್ದೆ. "ಮರೆತೇ ಹೋಯ್ತಕ್ಕಾ" ಎಂದು ಸಂಜೆ ಫೋನು ಬಂತು. ಅಂಗಡಿಯವರನ್ನು ಕರೆಯಬಾರದಿತ್ತೇ ಎನ್ನುವಿರಿ. ಮೂರು ವರ್ಷ ಮೂಗು ಮುಚ್ಚಿಕೊಂಡು ನನ್ನನ್ನು ಸಹಿಸಿದವರ ಮುಂದೆ ಯಾವ ಮುಖ ಇಟ್ಟುಕೊಂಡು ಕೇಳಲಿ? ಕೇಳಲು ಬಾಯಿ ಬರಲಿಲ್ಲ.

ಮೂರನೇ ಸಲ ಅದೇ ಬೆಂಚಿನ ಮೇಲೆ ಒಬ್ಬರು ಸಿಕ್ಕಿದರು. ನಿವೃತ್ತ ಬಸ್ ಕಂಡಕ್ಟರ್, ಅರವತ್ತೆರಡರ ಹೆಂಗಸು, ಇಡೀ ವರಾಂಡಕ್ಕೆ ಕೇಳುವ ಗಂಟಲು. ಅವರದೂ ನನ್ನದೇ ಕಾಯಿಲೆ, ಅದೇ ಶಸ್ತ್ರಚಿಕಿತ್ಸೆ, ಅದೇ ಖಾಲಿ ಅಂಕಣ. "ಮೂವತ್ತು ವರ್ಷ ಎಷ್ಟು ಜನಾನ ಮನೆ ಮುಟ್ಟಿಸಿದೀನಿ ಗೊತ್ತಾ? ನನ್ ಜೊತೆ ಬರೋಕೆ ಒಂದು ನರಪಿಳ್ಳೆ ಇಲ್ಲ ನೋಡಿ" ಎಂದು ಜೋರಾಗಿ ನಕ್ಕರು. ಶಸ್ತ್ರಚಿಕಿತ್ಸೆಗೆ ಬರೆದಿದ್ದ ಮೇಲಿನ ಮುಂದಿನ ಆರು ಹಲ್ಲು ತೋರಿಸಿ, "ಇವೇ ನನ್ ಸೀಟಿ ಹಲ್ಲು. ಸೀಟಿ ಕಚ್ಚಿ ಹಿಡಿದು ಊದಿದ್ರೆ ಡ್ರೈವರ್ ಎದ್ದು ಕೂತ್ಕೋತಿದ್ದ" ಎಂದರು. ಇಬ್ಬರೂ ಒಂದು ಉಪಾಯ ಹೂಡಿದೆವು. ಅವರಿಗೆ ನಾನು ಜೊತೆ, ನನಗೆ ಅವರು ಜೊತೆ.

"ಇವರು ನಿಮಗೆ ಏನಾಗ್ಬೇಕು?" ಎಂದು ಗುಮಾಸ್ತರು ಕೇಳಿದಾಗ, ನಾನು "ಚಿಕ್ಕಮ್ಮ" ಎಂದೆ. ಕಂಡಕ್ಟರಮ್ಮ ಅದೇ ಉಸಿರಿಗೆ "ನಾದಿನಿ" ಎಂದುಬಿಟ್ಟರು. ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಗುಮಾಸ್ತರು ಎರಡೂ ಒಪ್ಪಿಗೆ ಪತ್ರಗಳನ್ನು ಹಿಂದಕ್ಕೆ ತಳ್ಳಿ, "ರೋಗಿಗೆ ರೋಗಿ ಜೊತೆ ಆಗಲ್ಲಮ್ಮಾ" ಎಂದರು. ಆಮೇಲೆ ಪಾಪ, ಸಹಾಯ ಮಾಡಲೆಂದೇ ಹೇಳಿದರು: "ಕೀಳಿಸ್ಕೊಳ್ಳೋದಾದ್ರೆ ಹದಿನಾಲ್ಕನೇ ರೂಮಿಗೆ ಹೋಗಿ. ಇವತ್ತೇ ಆಗುತ್ತೆ, ಜೊತೆಗೆ ಯಾರೂ ಬೇಡ."

ತಮ್ಮ ನಿಯಮವನ್ನು ಇನ್ನೊಮ್ಮೆ ಓದಿಕೊಳ್ಳಿ, ಮಾನ್ಯರೇ. ಹಲ್ಲು ಉಳಿಸಿಕೊಳ್ಳಲು ಬಂದವರಿಗೆ ನೆಂಟರು ಬೇಕು. ಕಳೆದುಕೊಳ್ಳಲು ಬಂದವರು ಅನಾಥರಾದರೂ ಅಡ್ಡಿಯಿಲ್ಲ. ಎಂಥ ಉದಾರ ಮನಸ್ಸು!

ನಾನು ಚೀಲ ಎತ್ತಿಕೊಂಡೆ. ಕಂಡಕ್ಟರಮ್ಮ "ನಂಗೆ ಸಾಕಾಯ್ತು ಕಣ್ರೀ, ಐದನೇ ಸಲ ಬರ್ತಿರೋದು" ಎಂದು ಹದಿನಾಲ್ಕನೇ ರೂಮಿನ ಕಡೆ ನಡೆದರು. ನಾನು ತಡೆಯಲಿಲ್ಲ. ತಡೆದು ಏನು ಹೇಳುವುದಿತ್ತು? ಬಾಗಿಲ ಹೊರಗೆ ಕಾದೆ. ಅಲ್ಲಿ ಕಾಯಲು ಯಾರ ಸಹಿಯೂ ಬೇಕಾಗಲಿಲ್ಲ. ಅವರು ಬಾಯಿ ತುಂಬ ಹತ್ತಿ ಕಚ್ಚಿಕೊಂಡು ಹೊರಬಂದರು. ಮಾತಾಡುವಂತಿರಲಿಲ್ಲ. ನನ್ನ ಪೆನ್ನು ಕಿತ್ತುಕೊಂಡು ಔಷಧಿ ಚೀಟಿಯ ಹಿಂದೆ ಬರೆದು ತೋರಿಸಿದರು: "ಈಗ ನಾನು ರೋಗಿ ಅಲ್ಲ. ಬುಧವಾರ ನಿಮ್ ಆಪರೇಷನ್‌ಗೆ ಜೊತೆ ಬರ್ತೀನಿ."

ಆ ಆರು ಹಲ್ಲುಗಳ ಜಾಗಕ್ಕೆ ಕಟ್ಟಿಸುವ ಸೆಟ್ಟಿಗೆ ಅವರು ಈಗಲೇ ಹೆಸರು ಬರೆಸಬಹುದಂತೆ. ಬರೆಸಿಲ್ಲ. ಬರೆಸಿದರೆ ಮತ್ತೆ ರೋಗಿಯಾಗುತ್ತಾರಂತೆ, ನನ್ನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಂತಿಲ್ಲವಂತೆ. ನಿನ್ನೆ ಫೋನಿನಲ್ಲಿ ಮಾತಾಡಿದೆವು. ಅಷ್ಟು ದೊಡ್ಡ ಗಂಟಲಿನಲ್ಲಿ ಗಾಳಿ ಸೋರುತ್ತಿತ್ತು, ಅರ್ಧ ಮಾತು ತಿಳಿಯಲಿಲ್ಲ. ಹೀಗೆ ಬಂದ ಸಹಿ ನನಗೆ ಬೇಡ ಎಂದು ಹೇಳಬೇಕಿತ್ತು. ಹೇಳಲಿಲ್ಲ. ಇಷ್ಟು ವರ್ಷದ ಮೇಲೆ ಒಬ್ಬರು ಬರುತ್ತೇನೆ ಎಂದಾಗ ಬೇಡ ಎನ್ನುವ ಶಕ್ತಿ ನನ್ನಲ್ಲಿರಲಿಲ್ಲ. ಅದಕ್ಕೆ ನಾಚಿಕೆಯಾಗುತ್ತಿದೆ. ಆ ನಾಚಿಕೆಯಲ್ಲಿ ತಮ್ಮ ಪಾಲೂ ಇದೆ.

ಆದ್ದರಿಂದ ನನ್ನ ಬೇಡಿಕೆ ಇದು. ಬುಧವಾರದೊಳಗೆ ಆ ಅಂಕಣವನ್ನು ಹೊಡೆದುಹಾಕಿ. ಜೊತೆ ಇಲ್ಲದೆ ಬಂದವರ ಪಕ್ಕ ಒಂದು ಗಂಟೆ ಕೂರಲು ಆಸ್ಪತ್ರೆಯಿಂದಲೇ ಒಬ್ಬರನ್ನು ಕೊಡಿ; ತಾವೇ ಕೂತರೂ ಬೇಡವೆನ್ನುವುದಿಲ್ಲ. ಆಗ ಕಂಡಕ್ಟರಮ್ಮ ಅಂದೇ ಹಲ್ಲಿನ ಸೆಟ್ಟಿಗೆ ಹೆಸರು ಬರೆಸಬಹುದು.

ತಾವು ಏನೂ ಮಾಡದಿದ್ದರೂ ನಾವಿಬ್ಬರು ಬುಧವಾರ ಹತ್ತು ಗಂಟೆಗೆ ಕೌಂಟರಿಗೆ ಬರುತ್ತೇವೆ, ನಾನು ನಾಲ್ಕು ಹಲ್ಲು ಉಳಿಸಿಕೊಳ್ಳಲು, ಅವರು ಆರು ಹಲ್ಲು ಬಿಟ್ಟುಬಂದು ನನ್ನ ಪಕ್ಕ ಕೂರಲು. ಇವರು ನಿಮಗೆ ಏನಾಗಬೇಕು ಎಂದು ಗುಮಾಸ್ತರು ಮತ್ತೆ ಕೇಳುತ್ತಾರೆ. ಏನು ಬರೆಸಲಿ, ತಾವೇ ಹೇಳಿ.

ಇಂತಿ,
ಮೂರು ಸಲ ಒಬ್ಬಳೇ ಬಂದು ಒಬ್ಬಳೇ ಮರಳಿದವಳು
(ಹಲ್ಲುಗಳು, ಈ ಪತ್ರ ಬರೆಯುವ ಹೊತ್ತಿಗೆ, ಇಪ್ಪತ್ತೆಂಟು)