ಮಿಣುಕುತ್ತಿದ್ದ ನಿನ್ನ ಉಪಗ್ರಹ

ಶ್ರೀಕರ,

ಆಕಾಶ ನೋಡಲು ನಾವಿಬ್ಬರೂ ಸೇರಿ ಕಟ್ಟಿದ ಕ್ಯಾಮೆರಾ ಇನ್ನೂ ಕವಲೇದುರ್ಗದ ಬುಡದಲ್ಲಿ, ನಮಗೆ ಜಾಗ ಕೊಟ್ಟ ಕೆರಿಯಮ್ಮನ ಅಂಗಳದಲ್ಲೇ ಇದೆ. ನಮ್ಮ ಸಂಶೋಧನಾ ಪ್ರಬಂಧದಿಂದ ನನ್ನ ಹೆಸರು ಅಳಿಸಿ ಹೋದೆಯಲ್ಲ, ಇವತ್ತು ಮುಸ್ಸಂಜೆ ಅದೇ ಕ್ಯಾಮೆರಾಕ್ಕೆ ನೀನು ಮೆರೆದು ಹಾರಿಸಿದ ಉಪಗ್ರಹ ಸಿಕ್ಕಿತು. ಬದುಕಿದ್ದರೆ ಒಂದೇ ಸಮನೆ ಹೊಳೆಯಬೇಕಿತ್ತು. ಪಲ್ಟಿ ಹೊಡೆಯುತ್ತ ಮಿಣುಕುತ್ತಿತ್ತು.

"ಅದೆಂತಕ್ಕೆ ಹಂಗೆ ಕಣ್ಣು ಹೊಡೀತದೆ?" ಅಂದಳು ಕೆರಿಯಮ್ಮ.

"ಶ್ರೀಕರಂದು. ಸತ್ತು ತಿರುಗ್ತಾ ಇದೆ."

"ಹಂಗಾರೆ ಕಸ ಅಂತ ಬರ್ಕಳೆ ಮಾರಾಯ್ತಿ."

ವೀಕ್ಷಣಾ ವರದಿಯಲ್ಲಿ ಹಾಗೇ ಬರೆದು, ಖುಷಿಯಿಂದ ಎರಡು ಸಲ ಓದಿಕೊಂಡೆ. ಆಮೇಲೆ ನೋಡಿದರೆ, 'ವೀಕ್ಷಕರು' ಎಂಬಲ್ಲಿ ಹಳೇ ರೂಢಿಯಂತೆ ಇಬ್ಬರ ಹೆಸರನ್ನೂ ಬರೆದುಬಿಟ್ಟಿದ್ದೆ. ನಿನ್ನ ಕಸಕ್ಕೆ ಈಗ ನೀನೇ ಸಾಕ್ಷಿ. ಈ ಪತ್ರ ಕಳಿಸುವುದಿಲ್ಲ, ವರದಿ ಮಾತ್ರ ಹಾಗೇ ಕಳಿಸಿದೆ. ಹೆಸರು ಅಳಿಸುವ ವಿದ್ಯೆಯೊಂದನ್ನು ನೀನು ನನಗೆ ಕಲಿಸಲೇ ಇಲ್ಲ.

ವಿನಯಾ