ಸಾಲಿನಲ್ಲಿ ಹಿಂದೆ ನಿಂತವನು

ಹೊಸಪೇಟೆ
೨ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಅಪ್ಪಾ,

ಎರಡು ಸಂಗತಿಗಳನ್ನು ಬರೆಯದೆಯೇ ಬಿಡಬೇಕೆಂದಿದ್ದೆ. ಒಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಲಿಂಗರಾಜನನ್ನು ಮದುವೆಯಾಗುವ ಆಸೆ ನನಗೆ ಇನ್ನೂ ಇದೆ, ನಲವತ್ತನಾಲ್ಕರಲ್ಲೂ. ಇನ್ನೊಂದನ್ನು ಪತ್ರದ ಕೊನೆಯವರೆಗೆ ಧೈರ್ಯ ಉಳಿದರೆ ಬರೆಯುತ್ತೇನೆ.

ಮೊದಲು ನಿಮ್ಮ ಕಣ್ಣು ಹೇಗಿದೆ ಹೇಳಿ. ಆಪರೇಷನ್ ಆದ ಮರುದಿನವೇ ಪೇಪರ್ ಕೇಳಿದಿರೆಂದು ನಿಮ್ಮ ಕಿರಿಮಗಳು ಪಲ್ಲವಿ ಫೋನಿನಲ್ಲಿ ದೂರಿದಳು. ಧಾರವಾಡದ ಚಳಿಗೆ ಸ್ವೆಟರ್ ಹಾಕಿಕೊಳ್ಳಿ, ಅವಳ ಮಗನನ್ನು ಎತ್ತಿಕೊಂಡು ಮೆಟ್ಟಿಲು ಹತ್ತಬೇಡಿ. ಇಲ್ಲಿ ಎಲ್ಲ ಕ್ಷೇಮ. ನಿಮ್ಮ ಕರಿಬೇವಿಗೆ ದಿನಾ ನೀರು ಬೀಳುತ್ತಿದೆ. ಡ್ಯಾಂ ಆಫೀಸಿನ ನಿಮ್ಮ ಹಳೆಯ ಗೆಳೆಯರು ಬಂದು, ನಿಮ್ಮ ಕುರ್ಚಿಯಲ್ಲೇ ಕೂತು, "ನಿಮ್ಮಪ್ಪ ಇಲ್ದ ಚಾ ರುಚೀನ ಇಲ್ಲ ಬಿಡವಾ" ಎನ್ನುತ್ತ ಎರಡು ಕಪ್ ಕುಡಿದು ಹೋದರು. ನನ್ನ ಕನ್ನಡದಲ್ಲಿ ತಪ್ಪು ಕಂಡರೆ ಕೆಂಪು ಪೆನ್ನು ತೆಗೆಯಬೇಡಿ. ಇಂಗ್ಲಿಷ್ ಶಾಲೆಗೆ ಸೇರಿಸಿದವರು ನೀವೇ.

ಹತ್ತು ವರ್ಷದ ಹಿಂದೆ ಲಿಂಗರಾಜನನ್ನು ಮನೆಗೆ ಕರೆತಂದಿದ್ದು ನಿಮಗೆ ನೆನಪಿರಬೇಕು. ಸಂಡೂರಿನಲ್ಲಿ ನನ್ನ ಆಫೀಸಿನ ಎದುರಿನ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಎಂದೆ. ನೀವು ಖುಷಿಯಿಂದ ಮಂಡಕ್ಕಿ ಒಗ್ಗರಣಿ, ಮಿರ್ಚಿ ತರಿಸಿದಿರಿ. ಊರು ಕೇಳಿದಿರಿ, ಕಂಪ್ಲಿ ಎಂದ. ಯಾರ ಮನೆ ಎಂದಿರಿ, ತಾಯಪ್ಪನವರ ಮರಿಮಗ ಎಂದ. ಕೈಯಲ್ಲಿದ್ದ ಮಿರ್ಚಿಯನ್ನು ನೀವು ತಟ್ಟೆಗಿಟ್ಟಿರಿ. ಅವನು ಹೋದ ಮೇಲೆ, "ಬ್ಯಾಡವಾ. ನಮ್ಮ ತಾತ ಜಂಬಯ್ಯ, ಅವರ ತಾಯಪ್ಪ ಒಡಹುಟ್ಟಿದ ಅಣ್ಣ ತಮ್ಮರು. ಅಲ್ಲಿ ಸತ್ರ ಇಲ್ಲಿ ಸೂತಕ ಹಿಡೀತೀವಿ. ಅಂವ ನಿನಗ ಅಣ್ಣ ಆಗ್ತಾನ" ಎಂದಿರಿ. ನಾನು ವಾದಿಸಲಿಲ್ಲ. ಅವನೂ ವಾದಿಸಲಿಲ್ಲ. ಬೇರೆ ಮದುವೆಯನ್ನೂ ಇಬ್ಬರೂ ಆಗಲಿಲ್ಲ.

ಆ ಅಣ್ಣ ತಮ್ಮ ಸಮುದ್ರ ದಾಟಿ ಕಬ್ಬಿನ ತೋಟದ ಕೂಲಿಗೆ ಹೋಗಿ ಬಂದವರು ಎನ್ನುವುದಷ್ಟೇ ನಮಗೆ ಗೊತ್ತಿದ್ದದ್ದು. ಮದರಾಸಿನಿಂದ ಆಫ್ರಿಕದ ನಟಾಲ್‌ಗೆ ಹೋದ ಹಡಗುಗಳ ಪ್ರಯಾಣಿಕರ ಪಟ್ಟಿಗಳನ್ನು ಈಗ ಕಂಪ್ಯೂಟರಿನಲ್ಲೇ ನೋಡಬಹುದೆಂದು ಲಿಂಗರಾಜ ಕಳೆದ ವರ್ಷ ಹೇಳಿದ. ಹೆಸರು, ತಂದೆಯ ಹೆಸರು, ಊರು, ಜಾತಿ, ಮೈಮೇಲಿನ ಗುರುತು ಎಲ್ಲ ಬರೆದಿರುತ್ತಾರೆ. ಒಬ್ಬನೇ ತಂದೆಯ ಇಬ್ಬರು ಮಕ್ಕಳನ್ನು ನಾನು ಹುಡುಕಿದೆ. ಯಾರ್‍ಯಾರದೋ ಅಣ್ಣ ತಮ್ಮಂದಿರು ಸಿಕ್ಕರು, ನಮ್ಮವರು ಮಾತ್ರ ಇಲ್ಲ. ಮಳೆಗಾಲ ಪೂರ್ತಿ ಹೀಗೇ ಹೋಯಿತು. ಕೊನೆಗೆ ಬೇಸತ್ತು ತಾಯಪ್ಪನೊಬ್ಬನನ್ನೇ ಹುಡುಕಿದಾಗ, ೧೯೦೨ರ ಒಂದು ಹಡಗಿನಲ್ಲಿ ಸಿಕ್ಕ. ಊರು ಕಂಪ್ಲಿ. ಗುರುತು, ಎಡಗೈಗೆ ಆರನೆಯ ಬೆರಳು. ಒಬ್ಬಳೇ ಕೂತು ಜೋರಾಗಿ ನಕ್ಕೆ, ಅಪ್ಪಾ. ಆರನೆಯ ಬೆರಳು ತೆಗೆಸಿದ ಕಲೆ ಲಿಂಗರಾಜನ ಎಡಗೈಯಲ್ಲೂ ಇದೆ. "ಆರು ಬೆರಳು ಕಂಪ್ಲಿ ಮಂದಿಗಷ್ಟ ಬರ್ತಾವ, ನಮಗ್ಯಾಕ ಬರ್ಲಿಲ್ಲೋ" ಎಂದು ನೀವೇ ಅನ್ನುತ್ತಿದ್ದಿರಿ.

ತಾಯಪ್ಪನ ಹೆಸರಿನ ಕೆಳಗೇ ಜಂಬಯ್ಯ ಇದ್ದ. ಅವನ ಊರು ಮರಿಯಮ್ಮನಹಳ್ಳಿ. ತಂದೆ ಬೇರೆ. ಬಂದರಿನಲ್ಲಿ ಹೆಸರು ಬರೆಸುವಾಗ ಒಬ್ಬನ ಹಿಂದೆ ಒಬ್ಬ ನಿಂತಿದ್ದರು, ಅಷ್ಟೇ ಅವರ ಸಂಬಂಧ. ಹತ್ತು ವರ್ಷದ ನಂತರ ಮರಳಿದ ಹಡಗಿನ ಪಟ್ಟಿಯಲ್ಲೂ ಅದೇ ಸಾಲು, ಅದೇ ಇಬ್ಬರು. ಆದರೆ ಈ ಸಲ ಇಬ್ಬರ ಊರೂ ಕಂಪ್ಲಿ, ಇಬ್ಬರಿಗೂ ತಾಯಪ್ಪನ ತಂದೆಯೇ ತಂದೆ. ನಡುವೆ ಯಾರು ಯಾರಿಗೆ ಗಂಜಿ ಕುಡಿಸಿದರೋ, ಯಾರ ಜ್ವರಕ್ಕೆ ಯಾರು ಕಾವಲು ಕೂತರೋ, ಪಟ್ಟಿ ಹೇಳುವುದಿಲ್ಲ.

ಖುಷಿ ಇಳಿದ ಮೇಲೆ ನನ್ನನ್ನೇ ಕೇಳಿಕೊಂಡೆ. ತಂದೆ ಒಬ್ಬನೇ ಎಂದು ಬರೆದಿದ್ದರೆ ಆ ಪಟ್ಟಿಯನ್ನು ನಿಮಗೆ ತೋರಿಸುತ್ತಿದ್ದೆನೆ? ತೋರಿಸುತ್ತಿದ್ದೆ ಎನ್ನಲು ಬಾಯಿ ಬರುವುದಿಲ್ಲ. ಅವರಾಗಿ ಕಟ್ಟಿಕೊಂಡ ನಂಟನ್ನು ನನ್ನ ಮದುವೆಗಾಗಿ ಬಿಚ್ಚುವುದು ಸರಿಯೆ? ಇದನ್ನು ಕೇಳಲೆಂದೇ ಕಳೆದ ಭಾನುವಾರ ಕಂಪ್ಲಿ ಬಸ್ ಹತ್ತಿದೆ. ಲಿಂಗರಾಜನ ತಾಯಿ ಹುಲುಗಮ್ಮ ದೊಡ್ಡವ್ವ ಶೇಂಗಾ ಸುಲಿಯುತ್ತ ಎಲ್ಲ ಕೇಳಿಸಿಕೊಂಡರು. "ನೂರ ವರ್ಷ ಅಣ್ಣ ತಮ್ಮರಾಗಿ ಒಂದ ಜಗಳಿಲ್ಲ. ಬೀಗರಾದ್ರ ಚಲೋತ್ನಾಗ ಜಗಳಾಡಬೌದು. ಎಡಿ ಮಾತ್ರ ಇಬ್ಬರಿಗೂ ಕೂಡೇ ಹಾಕ್ರಿ. ಸತ್ತವರನ್ನ ಅಗಲಸಬ್ಯಾಡ್ರಿ" ಎಂದರು. ಮಗನ ಕಡೆ ತಿರುಗಿ, "ಲೇ, ಇಷ್ಟು ವರ್ಷ ಬಾಯಾಗ ಏನ್ ಇಟ್ಕೊಂಡಿದ್ದಿ?" ಎಂದರು. ಅವನು ಶೇಂಗಾ ತಿನ್ನುತ್ತಿದ್ದ, ಪಾಪ. "ಇನ್ನ ಮ್ಯಾಲ ದೊಡ್ಡವ್ವ ಅನಬ್ಯಾಡ, ಅತ್ತಿ ಅನ್ನು" ಎಂದು ನನಗೆ ಹೇಳಿದರು. ಆ ಪದ ನಾಲಿಗೆಯ ತುದಿಗೆ ಬಂದಿತ್ತು. ನಿಮ್ಮನ್ನು ಕೇಳದೆ ಹೇಗೆ ಅನ್ನಲಿ?

ಪಲ್ಲವಿಯ ಮಗನ ಎರಡೂ ಕೆನ್ನೆಗೆ ನನ್ನ ಮುತ್ತು ಕೊಡಿ. ಇಲ್ಲಿಂದಲೇ ನಿಮ್ಮ ಕಾಲಿಗೆ ಬಗ್ಗಿದ್ದೇನೆ.

ನಿಮ್ಮ ಹಿರಿಮಗಳು,
ಸುಧಾರಾಣಿ

ತಾ.ಕ. ಧೈರ್ಯ ಉಳಿದಿದೆ, ಬೇಗ ಬರೆದುಬಿಡುತ್ತೇನೆ. ಹೋಗುವಾಗಿನ ಪಟ್ಟಿಯಲ್ಲಿ ಇಬ್ಬರ ಜಾತಿಯೂ ಬೇರೆ. ಈಗ ಎರಡೂ ಮನೆಯವರು ಹೇಳಿಕೊಳ್ಳುವ ಜಾತಿ ತಾಯಪ್ಪನದು. ಜಂಬಯ್ಯನದು, ಅಂದರೆ ನಮ್ಮದು, ಆ ಕಾಲದಲ್ಲಿ ಊರ ಬಾವಿ ಮುಟ್ಟುವ ಹಕ್ಕಿಲ್ಲದವರದು. ಜಂಬಯ್ಯ ಮರಿಯಮ್ಮನಹಳ್ಳಿಗೆ ಯಾಕೆ ಮರಳಲಿಲ್ಲವೆಂದು ಈಗ ಅರ್ಥವಾಗುತ್ತದೆ. ಇದನ್ನೂ ಹುಲುಗಮ್ಮನವರಿಗೆ ಹೇಳಿದೆ. "ಕೂಡೇ ಉಂಡ ನಮ್ಮಾವನ ಅಪ್ಪ ತಾಯಪ್ಪಗ ಗೊತ್ತಿರ್ಲಿಲ್ಲೇನು? ಅಂವ ತಮ್ಮ ಅಂದ ಮ್ಯಾಲ ಮುಗೀತು. ಏಳು, ಚಾ ಸೋಸು" ಎಂದರು. ಸೋಸಿದೆ, ಎಲ್ಲರೂ ಕುಡಿದೆವು. ನೀವು ಹೂಂ ಅನ್ನುವುದಾದರೆ ಎರಡಕ್ಕೂ ಸೇರಿಸಿಯೇ ಅನ್ನಿ, ಅಪ್ಪಾ. ಇದನ್ನು ಪಲ್ಲವಿ ಓದಿ ಹೇಳುವುದು ಬೇಡ. ಹತ್ತನೆಯ ತಾರೀಖಿನಿಂದ ಓದಬಹುದೆಂದು ಡಾಕ್ಟರು ಹೇಳಿದ್ದಾರಂತೆ, ನಿಮ್ಮ ಕಣ್ಣಿನಿಂದಲೇ ಓದಿ. ಅದಕ್ಕೇ ಇವತ್ತು ಪೋಸ್ಟ್ ಮಾಡುವುದಿಲ್ಲ. ಡಬ್ಬಿಗೆ ಹಾಕುವುದು ಶುಕ್ರವಾರ, ೭ ಫೆಬ್ರವರಿ.