ಮಂಜುಗಡ್ಡೆಯ ಮೇಲಿನ ಕೊನೆಯ ಟ್ರಿಪ್

ಸಲ್ಮಾಬಾದ್, ಬಹ್ರೈನ್

ಬಂಗೇರ ಸಾಹೇಬರಿಗೆ ಮುಸ್ತಾಕನ ಸಲಾಂ.

ನಿಮಗೆ ಬಡ್ತಿಯಾಗಿ ಇಲ್ಲೇ ಜುಫೈರಿನ ದೊಡ್ಡ ಫ್ಲ್ಯಾಟಿಗೆ ಬಂದದ್ದು ತಿಳಿಯಿತು.

ಕಳೆದ ವರ್ಷ ಅಂಟಾರ್ಕ್ಟಿಕಾದ ಸಂಶೋಧನಾ ಕೇಂದ್ರಕ್ಕೆ ನಮ್ಮ ಹಡಗಿನಿಂದ ಸಾಮಾನು ಇಳಿಸುವಾಗ ಉಸ್ತುವಾರಿ ನಿಮ್ಮದಿತ್ತು. ಮಂಜುಗಡ್ಡೆ ಬಿರುಕು ಬಿಡುತ್ತಿದೆ ಎಂದು, ಅದರ ಮೇಲೆ ಸಾಮಾನು ಎಳೆಯುತ್ತಿದ್ದ ನಮ್ಮ ವಸಂತ ಟ್ರ್ಯಾಕ್ಟರಿನಿಂದ ವೈರ್‌ಲೆಸ್‌ನಲ್ಲಿ ಕೂಗಿದ. "ಹೆದರ್ಬೇಡ ಮಾರಾಯ, ಇನ್ನೊಂದು ಟ್ರಿಪ್ ಹೊಡಿ" ಎಂದಿರಿ. ಆ ಟ್ರಿಪ್ಪಿನಲ್ಲಿ ಟ್ರ್ಯಾಕ್ಟರ್ ಸಮೇತ ಅವನು ಮುಳುಗಿದ. ಅಪ್ಪಣೆಯಿಲ್ಲದೆ ಹೋದನೆಂದು ನೀವು ವರದಿ ಬರೆದಿರಿ. ನಿಮ್ಮ ಅಪ್ಪಣೆಯನ್ನು ಕಿವಿಯಾರೆ ಕೇಳಿ ನಿಜ ಹೇಳಿದ ನನ್ನ ಕೆಲಸ ಹೋಯಿತು.

ಕೇಂದ್ರದವರು ವೈರ್‌ಲೆಸ್ ಮಾತನ್ನೆಲ್ಲ ರೆಕಾರ್ಡ್ ಮಾಡುತ್ತಾರೆಂದು ನಿಮಗೆ ಗೊತ್ತಿರಲಿಲ್ಲ. ಅಲ್ಲಿಗೆ ವರ್ಷಕ್ಕೊಂದೇ ಹಡಗು, ಹಾಗಾಗಿ ಕಾದೆ. ಈ ಸಲ ಮರಳಿದ ಹಡಗಿನಲ್ಲಿ ಅಲ್ಲಿನ ಅಧಿಕಾರಿ ಅದರ ಪ್ರತಿ ಕಳಿಸಿದರು. ಕಂಪೆನಿಗೆ ಒಪ್ಪಿಸಿದ್ದೇನೆ. ಭಾನುವಾರ ವಿಚಾರಣೆ.

ವಸಂತನ ಹೆಂಡತಿ ಹೇಮಲತಾ ಊರಿನಿಂದ ಬಂದಿದ್ದಾರೆ. ರೆಕಾರ್ಡನ್ನು ಅವರಿಗೆ ಮೊದಲೇ ಕೇಳಿಸಲೇ ಎಂದೆ.

"ಬೇಡ ಮುಸ್ತಾಕಣ್ಣ. ಬಂಗೇರರ ಎದುರು ಕೂತೇ ಕೇಳ್ತೇನೆ. ಆಗ ಅವರ ಮುಖ ನೋಡ್ಬೇಕು ನಂಗೆ" ಎಂದರು.

ಕ್ಷಮೆ ಕೇಳಲು ಫೋನ್ ಮಾಡಬೇಡಿ, ನಾನು ಎತ್ತುವುದಿಲ್ಲ. ಭಾನುವಾರ ಗಂಟಲು ಸರಿಮಾಡಿಕೊಂಡು ಬನ್ನಿ. ಅಂದು ನೀವೂ ವಸಂತನೂ ಮಾತಾಡಿದ್ದು ತುಳುವಿನಲ್ಲಿ, ಕಂಪೆನಿಯ ದೊಡ್ಡವರಿಗೆ ಅದು ಅರ್ಥವಾಗದು. ಒಂದೊಂದೇ ಮಾತನ್ನು ನೀವೇ ಇಂಗ್ಲಿಷಿನಲ್ಲಿ ಹೇಳಬೇಕೆಂದು ನಾನು ಕೇಳಿಕೊಂಡೆ, ಅವರು ಒಪ್ಪಿದ್ದಾರೆ. ಎಲ್ಲಿಯಾದರೂ ತಪ್ಪಿದರೆ ತಿದ್ದಲು ಎರಡೂ ಭಾಷೆ ಬಲ್ಲ ಹೇಮಲತಾ ಎದುರಲ್ಲೇ ಇರುತ್ತಾರೆ.

ಅಂದು ಮಂಜುಗಡ್ಡೆಯ ಅಂಚಿನಲ್ಲಿ ಹಡಗಿನ ಹಗ್ಗ ಹಿಡಿದಿದ್ದವ,
ಮುಸ್ತಾಕ್